ಅಕ್ಕನ ಕೈಗುಣ

ನಾನು ಕೆಲಸ ಮಾಡಿದ ಔಷಧಿ ಕಂಪನಿ ಶುರುವಾದದ್ದು ಒಂದು ಹಗ್ಗದಿಂದ. ಹಾರೋಹಳ್ಳಿಯಿಂದ ಮರಳವಾಡಿಗೆ ಹೋಗುವ ದಾರಿಯಲ್ಲಿ, ನಮ್ಮೂರಿನ ಎಲ್ಲೆಗೆ ಹೊಂದಿಕೊಂಡಂತೆ, ಬೆಂಗಳೂರಿನ ಯಾರೋ ಎರಡು ತಗಡಿನ ಶೆಡ್ಡು ಹಾಕಿ ಮುಂದೆ ಒಂದು ತೆಂಗಿನ ಹಗ್ಗ ಕಟ್ಟಿದರು. ಅದೇ ಗೇಟು. ಅದನ್ನು ಎತ್ತಿ ಇಳಿಸುವುದಕ್ಕೆ ಒಬ್ಬ ಮುದುಕ. ಮುಂದೆ ಹಗ್ಗ ಹೋಗಿ ಬಿದಿರಿನ ಗಳ ಬಂತು, ಗಳ ಹೋಗಿ ಕಬ್ಬಿಣದ ಗೇಟು ಬಂತು, ಕೊನೆಗೆ ಗುಂಡಿ ಒತ್ತಿದರೆ ತಾನಾಗಿ ಸರಿಯುವ ಗೇಟೂ ಬಂತು. ಕಂಪನಿ ಹೇಗೆ ಬೆಳೆಯಿತು ಅಂತ ವರ್ಷಕ್ಕೊಂದು ಸಲ ಕೋಟು ಹಾಕಿದವರು ಬಂದು ಭಾಷಣ ಮಾಡುತ್ತಿದ್ದರು. ಆ ಭಾಷಣ ನನಗೆ ಒಂದೂ ನೆನಪಿಲ್ಲ. ನನಗೆ ಆ ಬೆಳವಣಿಗೆ ಗೊತ್ತಿರುವುದು ಈ ನಾಲ್ಕು ಗೇಟುಗಳಿಂದ, ಮತ್ತೆ ನಮ್ಮ ಅಕ್ಕನ ಎರಡು ಕೈಗಳಿಂದ.

ಅಕ್ಕನ ವಿಷಯವನ್ನೇ ಮೊದಲು ಹೇಳುತ್ತೇನೆ. ನನಗಿಂತ ಆರು ವರ್ಷ ದೊಡ್ಡವಳು. ಅವಳನ್ನು ಮಾಗಡಿ ಕಡೆ, ಗುಡೇಮಾರನಹಳ್ಳಿಯ ಹತ್ತಿರದ ಒಂದು ಊರಿಗೆ ಕೊಟ್ಟಿದ್ದೆವು. ಮದುವೆಯಾದ ನಾಲ್ಕನೇ ವರ್ಷ ಭಾವ ಕಾಮಾಲೆಯಾಗಿ ತೀರಿಕೊಂಡರು. ಅದೇ ತಿಂಗಳು ಆ ಮನೆಯ ರೇಷ್ಮೆ ಹುಳುಗಳಿಗೆ ರೋಗ ಬಂದು ಒಂದೂ ಉಳಿಯದಂತೆ ಸತ್ತವು. ಮಗ ಸತ್ತದ್ದಕ್ಕೆ ಆ ಮನೆಯವರು ವಿಧಿ ಅಂದರು. ಹುಳು ಸತ್ತದ್ದಕ್ಕೆ ಮಾತ್ರ ಅಕ್ಕನ ಕಡೆ ತಿರುಗಿದರು, ಯಾಕೆಂದರೆ ಸೊಪ್ಪು ಹಾಕುತ್ತಿದ್ದವಳು ಅವಳು. ಇವಳ ಕೈಗುಣ ಸರಿಯಿಲ್ಲ, ಇವಳು ಮುಟ್ಟಿದ್ದು ಏಳಿಗೆಯಾಗಲ್ಲ ಅಂತ ಹೇಳಿ ಒಂದು ಟ್ರಂಕಿನ ಜೊತೆ ಕರೆತಂದು ನಮ್ಮ ಜಗಲಿಯ ಮೇಲೆ ಕೂರಿಸಿ ಹೋದರು. ನೀರು ಕುಡಿಯುತ್ತೀರಾ ಅಂತ ಅವ್ವ ಕೇಳಿದರೆ ಅದಕ್ಕೂ ನಿಲ್ಲಲಿಲ್ಲ.

ಕೈಗುಣ ಅಂದರೆ ನಮ್ಮ ಕಡೆ ಹಗುರದ ಮಾತಲ್ಲ. ರೇಷ್ಮೆ ಹುಳು ಬಲು ಸೂಕ್ಷ್ಮ. ಬೀಡಿ ಸೇದಿದವನು, ತಲೆಗೆ ವಾಸನೆ ಎಣ್ಣೆ ಹಚ್ಚಿದವನು ಹುಳುಮನೆಯ ಹೊಸ್ತಿಲು ದಾಟುವಂತಿಲ್ಲ. ಮರಿ ಹುಳು ದೊಡ್ಡದಾಗುವುದರೊಳಗೆ ನಾಲ್ಕು ಸಲ ಮೇವು ಬಿಟ್ಟು ಮಂಕಾಗಿ ಮಲಗಿ ಪೊರೆ ಕಳಚುತ್ತದೆ. ಅದನ್ನು ನಮ್ಮವರು ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳು ಏಳು ದಿನ ಮೈಮೇಲೆ ಜ್ಞಾನವಿಲ್ಲದಂತೆ ತಿನ್ನುತ್ತದೆ, ಆಮೇಲೆ ಹಣ್ಣಾಗಿ ಗೂಡು ಕಟ್ಟುತ್ತದೆ. ಆ ಜ್ವರ ಎದ್ದಾಗ ಹಾಕುವ ಮೊದಲ ಸೊಪ್ಪನ್ನು ನಮ್ಮ ಊರಿನಲ್ಲಿ ಯಾರೆಂದರೆ ಅವರ ಕೈಯಲ್ಲಿ ಹಾಕಿಸುವುದಿಲ್ಲ. ಕೈಗುಣ ಇರುವವರನ್ನು ಹುಡುಕಿ, ಹೋಗಿ ಕರೆದು, ಕೈಕಾಲಿಗೆ ನೀರು ಕೊಟ್ಟು ಹಾಕಿಸುತ್ತಾರೆ. ಇಂಥ ಊರಿಗೆ ಕೈಗುಣ ಕೆಟ್ಟವಳು ಅನ್ನಿಸಿಕೊಂಡು ಅಕ್ಕ ವಾಪಸು ಬಂದಿದ್ದಳು.

ಅಪ್ಪ ಆಗಲೇ ಇರಲಿಲ್ಲ. ಮನೆಯಲ್ಲಿ ಅವ್ವ, ಅಕ್ಕ, ನಾನು. ಒಂದು ವರ್ಷ ಅಕ್ಕ ಹುಳುವಿನ ತಟ್ಟೆಯ ಹತ್ತಿರ ಬರಲಿಲ್ಲ. ತೋಟದಲ್ಲಿ ಕಳೆ ಕೀಳುವಳು, ರಾಗಿ ಬೀಸಿಕೊಂಡು ಬರುವಳು, ಹಸುವಿನ ಸಗಣಿ ಬಾಚುವಳು. ಹುಳುವಿನ ತಟ್ಟೆ ಕಂಡರೆ ಮಾತ್ರ ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡು ಬಿಡುವಳು. ಬೈದರೂ ತೆಗೆಯುತ್ತಿರಲಿಲ್ಲ. ನನಗೆ ಅದನ್ನು ನೋಡಿದರೆ ಮೈ ಉರಿಯುತ್ತಿತ್ತು, ಆ ಮಾಗಡಿ ಕಡೆಯವರನ್ನು ಹಿಡಿದು ನಾಲ್ಕು ಬಾರಿಸಬೇಕು ಅನ್ನಿಸುತ್ತಿತ್ತು. ಬಾರಿಸಲಿಲ್ಲ. ನಾನು ಅಂಥ ಗಂಡಸಲ್ಲ.

ನಾನು ಕಂಪನಿಗೆ ಸೇರಿದ್ದು ಬಿದಿರಿನ ಗಳದ ಕಾಲದಲ್ಲಿ. ಪಿಯುಸಿ ಪಾಸಾಗಿದ್ದೆ, ಸೈನ್ಸು ಓದಿದ್ದೆ, ಅಷ್ಟೇ ಸಾಕಾಯಿತು. ಆಗ ಅಲ್ಲಿ ಕುರಿ ದನಗಳಿಗೆ ಕೊಡುವ ಜಂತುಹುಳದ ಪುಡಿ ಮಾಡುತ್ತಿದ್ದರು. ಊರಿನ ಕುರಿ ಸಾಕುವ ಮನೆಗಳಿಗೆ ಬಿಟ್ಟಿ ಪೊಟ್ಟಣ ಕೊಟ್ಟಿದ್ದರಿಂದ ಕಂಪನಿಗೆ ಒಳ್ಳೆಯ ಹೆಸರಿತ್ತು. ಕಬ್ಬಿಣದ ಗೇಟು ಬಂದ ವರ್ಷ ಒಂದು ಹೊಸ ಪುಡಿ ಶುರುವಾಯಿತು. ಅದು ನಾಯಿಗಳ ಮೈಮೇಲಿನ ಚಿಗಟಕ್ಕೆ ಔಷಧಿ. ಎಲ್ಲ ಹೊರದೇಶಕ್ಕೆ ಹೋಗುತ್ತಿತ್ತು.

"ನಾಯಿ ಮೈ ಕೆರ್ಕೊಳ್ಳೋದಕ್ಕೂ ಕಂಪ್ನಿ ಬೇಕಾ ಅವರಿಗೆ?" ಅಂತ ಅವ್ವ ನಕ್ಕಿದ್ದಳು.

ಒಣಗಿಸಿದ ಆ ಪುಡಿಯನ್ನು ಜರಡಿ ಹಿಡಿಯುವ ಕೋಣೆಗೆ ನನ್ನನ್ನು ಹಾಕಿದರು. ಮೂಗಿಗೆ ಮುಸುಕು, ತಲೆಗೆ ಟೋಪಿ, ಮೈಗೆ ಆಕಾಶನೀಲಿ ಬಣ್ಣದ ಅಂಗಿ, ಜೇಬಿನ ಮೇಲೆ ಕಂಪನಿಯ ಗುರುತು. ಕೆಲಸ ಮುಗಿದ ಮೇಲೆ ಅಂಗಿಯನ್ನು ಅಲ್ಲೇ ಬಿಚ್ಚಿ ಬುಟ್ಟಿಗೆ ಹಾಕಿ ಹೋಗಬೇಕು, ಅವರೇ ಒಗೆಸುತ್ತಾರೆ. ಇದು ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದ ನಿಯಮ. ನಾನು ಏನು ಮಾಡುತ್ತಿದ್ದೆ ಗೊತ್ತೇ? ಕಂಪನಿಯ ಅಂಗಿಯ ಮೇಲೆ ನನ್ನ ಅಂಗಿ ಹಾಕಿಕೊಂಡು ಹೊರಗೆ ಬರುತ್ತಿದ್ದೆ. ಹುಣಸೆಮರದ ತಿರುವಿನಲ್ಲಿ ಮೇಲಿನ ಅಂಗಿ ಬಿಚ್ಚಿ ಸೈಕಲ್ಲಿನ ಹ್ಯಾಂಡಲಿಗೆ ಸುತ್ತಿ, ನೀಲಿ ಅಂಗಿಯಲ್ಲಿ ಊರೊಳಗೆ ಬರುತ್ತಿದ್ದೆ. ಅರಳಿಕಟ್ಟೆಯ ಮೇಲೆ ಕೂತವರು ಕಾಲು ಮಡಚಿಕೊಂಡು ಮಾತಾಡಿಸುವರು. ಶೋಕಿ, ಬೇರೇನೂ ಅಲ್ಲ. ಇಡೀ ಕಥೆಯ ಬೇರು ನನ್ನ ಈ ಶೋಕಿಯಲ್ಲಿದೆ.

ಆ ಸಲದ ಹುಳು ನಾಲ್ಕನೇ ಜ್ವರ ಎದ್ದ ದಿನ ನಾನು ಮನೆಗೆ ಬಂದಾಗ ಅವ್ವ ನನ್ನ ಅಂಗಿಯನ್ನೇ ನೋಡುತ್ತಾ ನಿಂತಿದ್ದಳು. "ಈ ಸಲ ನೀನೇ ಮೊದ್ಲ ಸೊಪ್ಪು ಹಾಕಪ್ಪ. ನೌಕ್ರಿ ಸಿಕ್ಕಿರೋ ಕೈ. ಅಂಗಿ ಬಿಚ್ಬ್ಯಾಡ, ಅಂಗೇ ಹಾಕು" ಅಂದಳು. ನಾನು ಸೊಪ್ಪನ್ನು ಎದೆಗೆ ಅವುಚಿಕೊಂಡು ಹೋಗಿ ತಟ್ಟೆ ತಟ್ಟೆಗೂ ಹರಡಿದೆ. ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಕೈ ಸೆರಗಿನೊಳಗೆ.

"ಬಾ ಅಕ್ಕ, ನೀನೂ ಒಂದು ಹಿಡಿ ಹಾಕು."

"ನಾ ಯಾಕಪ್ಪ, ಚೆನ್ನಾಗವೆ ಹುಳ, ಸುಮ್ಕಿರು."

"ನಾನು ಹಾಕಿ ಆಯ್ತಲ್ಲ, ಇನ್ನೇನು ಕೆಡಾಕಿಲ್ಲ ಬಾ."

ತುಂಬ ಹೊತ್ತು ನಿಂತಿದ್ದು, ಆಮೇಲೆ ಬಂದು ಕೊನೆಯ ತಟ್ಟೆಗೆ ಒಂದು ಹಿಡಿ ಹಾಕಿದಳು. ಹಾಕಿ ಆ ಕೈಯನ್ನು ಹಾಗೇ ಹಿಡಿದುಕೊಂಡು ಹುಳು ಎಲೆಯ ಮೇಲೆ ಹತ್ತುವುದನ್ನು ನೋಡಿದಳು.

ಆ ಬೆಳೆಯಂಥ ಬೆಳೆ ನಮ್ಮ ಮನೆಯಲ್ಲಿ ಹಿಂದೆ ಬಂದಿರಲಿಲ್ಲ. ಹುಳು ಏಳು ದಿನದ ಬದಲು ಎಂಟು ದಿನ ತಿಂದವು, ಹೆಬ್ಬೆರಳಿನ ದಪ್ಪ ಆದವು, ಗೂಡು ಕೈಗೆ ಭಾರವಾಗಿ ಸಿಕ್ಕಿತು. ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಕೊಳ್ಳುವವರು ಅಮುಕಿ ನೋಡಿ ಯಾವ ಊರು ಅಂತ ವಿಚಾರಿಸಿದರು. ಎದುರುಮನೆಯ ದೊಡ್ಡವ್ವ ಊರಿಗೆಲ್ಲ ಡಂಗುರ ಸಾರಿದಳು, ಈ ಹೈದನ ಕೈಗುಣ ನೋಡ್ರವ್ವ ಅಂತ. ನಾನು ಬಿಡದೆ ಹೇಳಿದೆ, ಅಕ್ಕನೂ ಹಾಕಿದ್ದಾಳೆ, ಅವಳ ತಟ್ಟೆಯ ಗೂಡೂ ಅಷ್ಟೇ ಭಾರ ಇದೆ ಅಂತ. ಅಕ್ಕ ಸೆರಗಿನಿಂದ ಕೈ ತೆಗೆದದ್ದು ಆವತ್ತಿನಿಂದ.

ಮೂರು ವರ್ಷ ಹೀಗೇ ನಡೆಯಿತು. ಜ್ವರ ಎದ್ದ ದಿನ ಊರಿನವರು ನನ್ನನ್ನು ಕರೆಯುವರು. ನೀಲಿ ಅಂಗಿ ಹಾಕ್ಕೊಂಡೇ ಬಾ ಅನ್ನುವರು. ಮೊಟ್ಟೆಯೊಡೆದ ಮರಿ ಹುಳುವನ್ನು ಎಬ್ಬಿಸಿ ತಟ್ಟೆಗೆ ಬಿಡುವುದಕ್ಕೆ ಅಕ್ಕನನ್ನು ಕರೆಯುವರು. ನಮ್ಮ ಹಿತ್ತಲಿನಲ್ಲಿ ಅಕ್ಕ ತಾನೇ ನಿಂತು ಬೇರೆ ಹುಳುಮನೆ ಕಟ್ಟಿಸಿದಳು. ಗೋಡೆಗೆ ಸುಣ್ಣ ಬಳಿದ ದಿನ ಒಳಗೆ ನಿಂತು, "ಆ ಮಾಗಡಿಯೋರು ಒಂದ್ ದಪ ಬಂದು ನೋಡ್ಲಿ ಕಣ್ ಮಗ, ಏನೂ ಅನ್ನಾಕಿಲ್ಲ ನಾನು, ಬರೀ ನೋಡ್ಲಿ" ಅಂದಳು. ಅಕ್ಕನಿಗೆ ಬೇಕಾಗಿದ್ದದ್ದು ಅಷ್ಟೇ. ಇನ್ನೊಂದು ಮದುವೆಯ ಮಾತು ಬಂದರೂ ತಲೆಗೆ ಹಾಕಿಕೊಳ್ಳಲಿಲ್ಲ. ಅವಳ ಕೈ ಒಳ್ಳೆಯದು ಅಂತ ನಾಲ್ಕು ಜನ ಹೇಳಬೇಕು, ಅದನ್ನು ಅವಳು ನಂಬಬೇಕು. ನನ್ನ ಅಂಗಿಯನ್ನು ನೇತುಹಾಕುವುದಕ್ಕೆ ಆ ಹೊಸ ಹುಳುಮನೆಯಲ್ಲೇ ಒಂದು ಮೊಳೆ ಹೊಡೆದಿದ್ದಳು. ಲಕ್ಷ್ಮಿಯಂಥ ಅಂಗಿ, ಒಳಗೇ ಇರಲಿ ಅಂತ.

ನಾಲ್ಕನೇ ವರ್ಷ ಕಂಪನಿಗೆ ಹೊಸ ಬ್ಲಾಕು ಬಂತು, ಸರಿಯುವ ಗೇಟು ಬಂತು. ಸುತ್ತ ಆಳೆತ್ತರದ ಕಾಂಪೌಂಡು ಎದ್ದು ನಮ್ಮ ಸೊಪ್ಪಿನ ತೋಟದ ಬದುವಿಗೆ ತಾಗಿ ನಿಂತಿತು. ಹಾರೋಹಳ್ಳಿ ಸುತ್ತಮುತ್ತ ಆಗ ದಿನಕ್ಕೊಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ, ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಚಿಗಟದ ಪುಡಿಗೆ ಹೊರಗೆ ಬೇಡಿಕೆ ಹೆಚ್ಚಾಗಿತ್ತು. ದಿನಕ್ಕೊಂದು ಡ್ರಮ್ಮು ಜರಡಿ ಹಿಡಿಯುತ್ತಿದ್ದವನು ಗಂಟೆಗೊಂದು ಡ್ರಮ್ಮು ಹಿಡಿಯತೊಡಗಿದೆ. ಸಂಜೆ ಮುಸುಕು ಬಿಚ್ಚಿದರೆ ಮುಸುಕಿದ್ದ ಜಾಗ ಬಿಟ್ಟು ಮುಖವೆಲ್ಲ ಬೂದು. ಅಂಗಿ ಕೊಡವಿದರೆ ಹೊಗೆಯಂತೆ ಏಳುತ್ತಿತ್ತು. ನಾನು ಹುಣಸೆಮರದ ಹತ್ತಿರ ಒಂದು ಸಲ ಕೊಡವಿ, ಹಾಗೇ ಮನೆಗೆ ಬರುತ್ತಿದ್ದೆ.

ಆ ಸಲ ಎರಡೆರಡು ಪಾಳಿ ಇದ್ದದ್ದರಿಂದ ಬೇರೆ ಯಾರ ಮನೆಗೂ ಹೋಗಲಾಗಲಿಲ್ಲ. ನಮ್ಮ ಮನೆಯ ಹುಳುವಿಗೆ ಮಾತ್ರ ಮೊದಲ ಸೊಪ್ಪು ಹಾಕಿದೆ. ಅಂಗಿಯನ್ನು ಮೊಳೆಗೆ ಹಾಕಿದೆ.

ಏಳನೇ ದಿನ ಹುಳು ಹಣ್ಣಾಗಲಿಲ್ಲ. ಎಂಟನೇ ದಿನವೂ ಇಲ್ಲ. ಹಣ್ಣಾದ ಹುಳು ಮೇವು ಬಿಟ್ಟು, ಮೈ ಕೆಂಬಣ್ಣಕ್ಕೆ ತಿರುಗಿ, ತಲೆ ಎತ್ತಿ ಹತ್ತುವುದಕ್ಕೆ ಜಾಗ ಹುಡುಕುತ್ತದೆ. ಆಗ ಅದನ್ನು ಆಯ್ದು ಬಿದಿರಿನ ಚಂದ್ರಿಕೆಗೆ ಬಿಡುತ್ತೇವೆ, ಅಲ್ಲಿ ಗೂಡು ಕಟ್ಟುತ್ತದೆ. ಚಂದ್ರಿಕೆಗಳನ್ನು ತೊಳೆದು ಗೋಡೆಗೆ ಒರಗಿಸಿ ಆಗಿತ್ತು. ಹತ್ತನೇ ದಿನ ಹುಳು ನಮ್ಮ ಮಧ್ಯದ ಬೆರಳಿಗಿಂತ ಉದ್ದವಾಗಿದ್ದವು. ಬೆಳ್ಳಗೆ, ನುಣ್ಣಗೆ, ಚರ್ಮ ಬಿಗಿದುಕೊಂಡು, ತಿನ್ನುತ್ತಲೇ ಇದ್ದವು. ನಮ್ಮ ತೋಟದ ಸೊಪ್ಪು ಮುಗಿಯಿತು. ಅಕ್ಕ ಊರೆಲ್ಲ ಸುತ್ತಿ ಸೊಪ್ಪು ಬೇಡಿ ತಂದಳು. ಹುಳುಮನೆಯೊಳಗೆ ಆ ತಿನ್ನುವ ಸದ್ದು ನಿಲ್ಲುತ್ತಿರಲಿಲ್ಲ, ಹಗಲಿಡೀ ಸರಸರ ಅಂತ. ಇಷ್ಟು ಆರೋಗ್ಯವಾಗಿರುವ ಹುಳುವನ್ನು ನೋಡಿ ಹೆದರಿಕೆಯಾಗಿದ್ದು ನನಗೆ ಅದೇ ಮೊದಲು.

"ಯಾಕೆ ಹತ್ತಾಕಿಲ್ಲ ಇವು?" ಅಂತ ಅಕ್ಕ ದಿನವೂ ಕೇಳುತ್ತಿದ್ದಳು. ಯಾರನ್ನು ಕೇಳುತ್ತಿದ್ದಳೋ. ಹದಿಮೂರನೇ ದಿನ ಹುಳು ಕುಗ್ಗಿ ಕಪ್ಪಾಗತೊಡಗಿದವು. ಒಂದೇ ಒಂದು ಎಳೆ ನೂಲು ಬಿಡಲಿಲ್ಲ. ಹಿತ್ತಲಿನಲ್ಲಿ ಗುಂಡಿ ತೆಗೆದು ಸುಣ್ಣ ಹಾಕಿ ಹೂತೆವು. ಎದುರುಮನೆಯ ದೊಡ್ಡವ್ವ ಬೇಲಿಯಾಚೆ ನಿಂತು ನೋಡಿದಳು. ಕೆಟ್ಟವಳಲ್ಲ ಅವಳು, ಬಾಯಿ ಮಾತ್ರ ನಿಲ್ಲುವುದಿಲ್ಲ.

"ತಮ್ಮನ ಕೈಗುಣ ಮೂರ್ ವರ್ಸ ಕಾಯ್ತು. ಇನ್ನೆಷ್ಟು ದಿನ ಕಾದಾತು" ಅಂದಳು.

ಅಕ್ಕನ ಕೈಯಲ್ಲಿ ಸನಿಕೆ ಇತ್ತು. ಅದನ್ನು ಕೆಳಗಿಟ್ಟಳು. ಕೈ ತೊಳೆದುಕೊಂಡಳು. ಆಮೇಲೆ ಎರಡೂ ಕೈ ಸೆರಗಿನೊಳಗೆ ಹೋದವು.

ಅದಾಗಿ ಎರಡು ವಾರಕ್ಕೆ ನನಗೆ ನಿಜ ಗೊತ್ತಾಯಿತು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಆಂಧ್ರದಿಂದ ಬಂದ ಒಬ್ಬ ಕೆಮಿಸ್ಟು ನನ್ನ ಎದುರಿಗೆ ಕೂತಿದ್ದ. ಹೊಸ ಹುರುಪು, ಕೇಳದಿದ್ದರೂ ವಿವರಿಸುವ ಸ್ವಭಾವ. "ನಮ್ಮ ಪುಡಿ ಚಿಗಟವನ್ನು ಕೊಲ್ಲುತ್ತೆ ಅಂದುಕೊಂಡಿದ್ದೀರಾ? ಇಲ್ಲ. ಅದರ ಮರಿ ಬೆಳೆದು ದೊಡ್ಡದಾಗಲು ಬಿಡಲ್ಲ ಅಷ್ಟೇ. ಮರಿ ಮರಿಯಾಗೇ ಇದ್ದು ಸಾಯುತ್ತೆ" ಅಂದ.

ನಾನು ಟೀ ಲೋಟ ಕೆಳಗಿಟ್ಟೆ. "ಬೇರೆ ಹುಳುಗಳಿಗೂ ಹಾಗೇನಾ?"

"ಬಹಳ ಹುಳುಗಳಿಗೆ. ರೇಷ್ಮೆ ಹುಳುವಿಗಂತೂ ಕಣ್ಣಿಗೆ ಕಾಣದಷ್ಟು ಬಿದ್ದರೂ ಸಾಕು, ತಿಂತಾನೇ ಇರುತ್ತೆ, ಗೂಡು ಕಟ್ಟಲ್ಲ. ಅದಕ್ಕಿಂತಲೂ ಕಮ್ಮಿ ಬಿದ್ದರೆ ಒಂದು ದಿನ ಜಾಸ್ತಿ ತಿಂದು ದಪ್ಪ ಆಗುತ್ತೆ. ಅದಕ್ಕೇ ಅಲ್ವಾ ಬಟ್ಟೆ ಇಲ್ಲೇ ಬಿಟ್ಟು ಹೋಗಿ ಅನ್ನೋದು."

ಮೂರು ವರ್ಷದ ನನ್ನ ಕೈಗುಣ ಏನು ಅಂತ ಆ ಒಂದು ಲೋಟ ಟೀ ಆರುವುದರೊಳಗೆ ತಿಳಿದುಹೋಯಿತು. ಆವತ್ತೇ ಮನೆಗೆ ಓಡಿಹೋಗಿ ಹೇಳಬೇಕಿತ್ತು. ಅಕ್ಕ, ನಿನ್ನ ಕೈಯಲ್ಲಿ ಏನೂ ಇಲ್ಲ, ಎಲ್ಲ ನನ್ನ ಅಂಗಿಯಲ್ಲಿತ್ತು. ಇಷ್ಟೇ ಮಾತು. ಹೇಳಲಿಲ್ಲ. ಮುಂದಿನ ತಿಂಗಳು ನನ್ನನ್ನು ಪಾಳಿಯ ಸೂಪರ್‌ವೈಸರ್ ಮಾಡುವವರಿದ್ದರು. ಕೈಲಾಂಚ ಕಡೆಯ ಒಬ್ಬ ಕಂಪನಿಯ ಕೈಗವಸು ಹೊರಗೆ ತೆಗೆದುಕೊಂಡು ಹೋದನೆಂದು ಅವನನ್ನು ಅದೇ ದಿನ ಮನೆಗೆ ಕಳಿಸಿದ್ದರು. ಅಕ್ಕನಿಗೆ ಹೇಳಿದರೆ ಅವ್ವನಿಗೆ ಹೋಗುತ್ತದೆ, ಅವ್ವನಿಂದ ದೊಡ್ಡವ್ವನಿಗೆ, ದೊಡ್ಡವ್ವನಿಂದ ಕಂಪನಿಯ ಗೇಟಿಗೆ. ಹೇಳೋಣ, ಕೆಲಸ ಗಟ್ಟಿಯಾಗಲಿ ಅಂದುಕೊಂಡೆ. ಹೇಡಿಗೆ ಯಾವಾಗಲೂ ಇಂಥ ಒಂದು ಸಮಾಧಾನ ಸಿಕ್ಕೇ ಸಿಗುತ್ತದೆ.

ಗುಟ್ಟಾಗಿ ಒಂದು ಕೆಲಸ ಮಾಡಿದೆ. ಅಂಗಿಯನ್ನು ಕಂಪನಿಯಲ್ಲೇ ಬಿಡತೊಡಗಿದೆ. ಊರಿನವರು ಮೊದಲ ಸೊಪ್ಪಿಗೆ ಕರೆದಾಗ ಕೆಲಸ, ಜ್ವರ, ಮೈಲಿಗೆ ಅಂತ ಒಂದೊಂದು ನೆಪ ಹೇಳಿ ತಪ್ಪಿಸಿಕೊಂಡೆ. ಅವರ ಬೆಳೆಗಳೆಲ್ಲ ಚೆನ್ನಾಗಿ ಬಂದವು. ನಾನು ಅವರನ್ನೆಲ್ಲ ಕಾಪಾಡಿದೆ ಅಂದುಕೊಂಡೆ. ಅದರಿಂದ ಆದದ್ದೇನೆಂದರೆ, ಇಡೀ ಊರಿನಲ್ಲಿ ಕೆಟ್ಟದ್ದು ಅಕ್ಕನ ಹುಳು ಒಂದೇ ಆಯಿತು. ಮರಿ ಹುಳು ಎಬ್ಬಿಸಲು ಅವಳನ್ನು ಕರೆಯುವುದು ನಿಂತಿತು. ಬಾಣಂತಿ ಇರುವ ಮನೆಯವರು ಅವಳು ಬಂದರೆ ಮಗುವನ್ನು ಒಳಗೆ ಎತ್ತಿಕೊಂಡು ಹೋಗುವರು. ಅಕ್ಕ ತನ್ನ ಹುಳುಮನೆಗೆ ಬೀಗ ಹಾಕಿದಳು. ನಮ್ಮ ತೋಟದ ಸೊಪ್ಪು ಹಸುವಿನ ಮೇವಾಯಿತು.

ಒಂದೂವರೆ ವರ್ಷ ಹೀಗೆ ಕಳೆಯಿತು. ಆ ಹೊತ್ತಿಗೆ ಊರಿನಲ್ಲಿ ಒಂದು ಸಣ್ಣ ಬದಲಾವಣೆ ಆಗಿತ್ತು. ನಮ್ಮ ಬೀದಿಯಲ್ಲಿ ಸೊಳ್ಳೆ ಕಡಿಮೆಯಾಗಿದ್ದವು. ನೀರಿನ ತೊಟ್ಟಿಯಲ್ಲಿ ಮರಿ ಮಿಲಮಿಲ ಅನ್ನುತ್ತಿದ್ದವು, ಆದರೆ ಕಚ್ಚುವ ಸೊಳ್ಳೆ ಇರಲಿಲ್ಲ. ಬೀದಿನಾಯಿಗಳು ಮೈ ಕೆರೆದುಕೊಳ್ಳುವುದನ್ನು ಬಿಟ್ಟಿದ್ದವು. ಪರವಾಗಿಲ್ಲ, ಈ ವರ್ಷ ನೆಮ್ಮದಿಯಾಗಿ ನಿದ್ದೆ ಬರ್ತೈತೆ ಅಂತ ಅವ್ವ ಖುಷಿಯಾಗಿದ್ದಳು. ನಾನು ಆಗಲೇ ಯೋಚಿಸಬೇಕಿತ್ತು. ಸೈನ್ಸು ಓದಿದವನು.

ಸೂಪರ್‌ವೈಸರ್ ಆಗಿ, ಪರ್ಮನೆಂಟ್ ಆದ ಮೇಲೆ ಒಂದು ಭಾನುವಾರ ಅಕ್ಕನ ಎದುರು ಕೂತು ಎಲ್ಲ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು.

"ಯಾವಾಗ ಗೊತ್ತಾಯ್ತು ನಿಂಗೆ?"

"ಮೊನ್ನೆ" ಅಂದೆ. ಅಲ್ಲೂ ಸುಳ್ಳು.

"ನನ್ ಮನಸ್ಸಿಗೆ ನೋವಾಗ್ಬಾರ್ದು ಅಂತ ಏನೋ ಕಟ್ಟಿ ಹೇಳ್ತೀಯ. ಬುಡು ಕಣಪ್ಪ."

"ದೇವರಾಣೆ ಅಕ್ಕ. ಬೇಕಾದ್ರೆ ಪರೀಕ್ಷೆ ಮಾಡಿ ನೋಡು. ಸ್ವಲ್ಪೇ ಹುಳು ತಗೊಂಡು ಬರ್ತೀನಿ. ನೀನೊಬ್ಬಳೇ ಸಾಕು, ನೀನೇ ಮೊದಲ ಸೊಪ್ಪು ಹಾಕು. ಗೂಡು ಕಟ್ಟೋವರೆಗೂ ನಾನು ಮನೆ ಕಡೆ ತಲೆ ಹಾಕಲ್ಲ. ನನ್ನ ಬಟ್ಟೆ, ನನ್ನ ಗಾಳಿ ಕೂಡ ಸೋಕಲ್ಲ. ಗೂಡು ಕಟ್ಟಿದ್ರೆ ನಿನ್ನ ಕೈ ಒಳ್ಳೇದು ಅಂತ ಆಯ್ತಲ್ಲ?"

ಅಕ್ಕನ ಕೈ ಆಗ ನಿಂತಿತು. "ಕಟ್ಟದೆ ಹೋದ್ರೆ?" ಅಂತ ಕೇಳಿದಳು.

"ಕಟ್ಟೇ ಕಟ್ತಾವೆ" ಅಂದೆ. ನನಗೆ ಸಂಶಯವೇ ಇರಲಿಲ್ಲ. ಓದಿದವನ ಧಿಮಾಕು.

ಹುಳುಮನೆಯ ಬೀಗ ತೆಗೆದೆವು. ಅಕ್ಕ ಗೋಡೆ ನೆಲ ಎಲ್ಲ ಮೂರು ಸಲ ತೊಳೆದಳು, ಹೊಸ ಸುಣ್ಣ ಬಳಿದಳು, ನನ್ನ ಅಂಗಿಯ ಮೊಳೆಯನ್ನು ಕಿತ್ತು ಬಿಸಾಡಿದಳು. ಕನಕಪುರದ ಕಡೆಯಿಂದ ಮರಿ ಹುಳು ತಂದು ಕೊಟ್ಟು ನಾನು ಹಾರೋಹಳ್ಳಿಯಲ್ಲಿ ಜೊತೆ ಕೆಲಸದವರ ರೂಮಿಗೆ ಹೋದೆ. ದಿನ ಬಿಟ್ಟು ದಿನ ಊರಿನವರು ಯಾರಾದರೂ ಸಿಕ್ಕರೆ ಕೇಳುವೆ. ನಿಮ್ಮಕ್ಕ ಬಲು ಗೆಲುವಾಗವ್ಳೆ, ಹಾಡ್ಕೊಂಡು ಸೊಪ್ಪು ಕೊಯ್ತಾವ್ಳೆ ಅನ್ನುವರು. ಜ್ವರ ಎದ್ದಾಗ ಮೊದಲ ಸೊಪ್ಪು ಹಾಕುವುದಕ್ಕೆ ದೊಡ್ಡವ್ವನನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಳಂತೆ, ಸಾಕ್ಷಿಗೆ. ನನಗೆ ಅದನ್ನು ಕೇಳಿ ಕಣ್ಣು ತುಂಬಿತು.

ಹಣ್ಣಾಗುವ ದಿನ ಕಳೆದು, ಗೂಡು ಬಿಡಿಸುವ ಹೊತ್ತಾಯಿತು ಅಂತ ಲೆಕ್ಕ ಹಾಕಿ ಬೆಳಿಗ್ಗೆ ಊರಿಗೆ ಬಂದೆ. ಅಕ್ಕ ಹುಳುಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಕೈ ಸೆರಗಿನೊಳಗಿದ್ದವು. ಒಳಗೆ ಹೋಗಬೇಕಾಗಿರಲಿಲ್ಲ, ಹೊರಗಿನಿಂದಲೇ ಕೇಳಿಸುತ್ತಿತ್ತು, ಆ ತಿನ್ನುವ ಸದ್ದು.

ನಾನು ತೋಟದ ಕಡೆ ಓಡಿದೆ. ಯಾಕೆ ಓಡಿದೆನೋ, ಸೊಪ್ಪು ನೋಡಬೇಕು ಅನ್ನಿಸಿತು. ನಮ್ಮ ಬದುವಿನಿಂದ ಕಾಂಪೌಂಡಿನ ಮೇಲೆ ನೋಡಿದರೆ ಹೊಸ ಬ್ಲಾಕಿನ ಹಿಂಗೋಡೆ. ಅದರಲ್ಲಿ ಒಂದು ದಪ್ಪ ಕೊಳವೆ, ಬಾಯಿ ನಮ್ಮ ತೋಟದ ಕಡೆಗೆ. ಜರಡಿ ಕೋಣೆಯ ಧೂಳನ್ನು ಹೊರಗೆ ತಳ್ಳುವ ಫ್ಯಾನು ಅದು. ಅದನ್ನು ದಿನಾ ಬೆಳಿಗ್ಗೆ ಶುರು ಮಾಡಿಸುತ್ತಿದ್ದವನು ನಾನೇ. ಒಳಗೆ ನಿಂತು ಅದರ ಸದ್ದು ಕೇಳಿದ್ದೆ, ಧೂಳು ಹೋಯಿತು ಅಂತ ಉಸಿರಾಡಿದ್ದೆ. ಎಲ್ಲಿಗೆ ಹೋಯಿತು ಅಂತ ಒಂದು ದಿನವೂ ಹೊರಗಿನಿಂದ ನೋಡಿರಲಿಲ್ಲ. ಎಲೆಗಳ ಮೇಲೆ ಏನೂ ಕಾಣಲಿಲ್ಲ. ಹಸಿರಾಗಿ, ಸೊಂಪಾಗಿ, ಮಳೆ ಬಂದು ಬಿಟ್ಟ ಮೇಲಿನ ಸೊಪ್ಪಿನ ಹಾಗಿದ್ದವು.

ವಾಪಸು ಬಂದು ಹೇಳಿದೆ. "ಅಕ್ಕ, ಗಾಳೀಲಿ ಬರ್ತಾ ಇದೆ. ಸೊಪ್ಪಿನ ಮೇಲೇ ಬೀಳ್ತಾ ಇದೆ. ಅಂಗಿ ಅಲ್ಲ, ಈಗ ಗಾಳಿ."

ಅಕ್ಕ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. "ಮೊದ್ಲು ಅಂಗಿ ಅಂದೆ. ಈಗ ಗಾಳಿ ಅಂತೀಯ. ನಾಳೆ ಇನ್ನೊಂದು ಅಂತೀಯ. ಸಾಕು ಬುಡಪ್ಪ. ನಿಂಗೂ ಸುಸ್ತಾಗದೆ" ಅಂದಳು.

ದೊಡ್ಡವ್ವನೂ ಅಲ್ಲೇ ಇದ್ದಳು. ಈ ಸಲ ಅವಳು ಏನೂ ಅನ್ನಲಿಲ್ಲ, ಸುಮ್ಮನೆ ಎದ್ದು ಹೋದಳು. ಅನ್ನದೇ ಹೋದದ್ದು ಹೆಚ್ಚು ಕೆಟ್ಟದಾಗಿತ್ತು.

ಮುಂದಿನ ವರ್ಷ ನಮ್ಮ ಪಕ್ಕದ ತೋಟದವರ ಹುಳು ಹತ್ತಲಿಲ್ಲ. ಆಮೇಲೆ ದೊಡ್ಡವ್ವನದು. ಆಮೇಲೆ ಒಂದೇ ಸಲಕ್ಕೆ ಆ ಕಡೆಯ ಎಂಟು ಮನೆ. ಬೆಳ್ಳಗೆ ಮಿಂಚುವ ಹುಳು, ಮೊರಗಟ್ಟಲೆ, ತಂದು ಸರಿಯುವ ಗೇಟಿನ ಮುಂದೆ ಸುರಿದರು. ನೀವು ಇದೇ ಊರಿನವರಲ್ವಾ, ಸ್ವಲ್ಪ ಸಮಾಧಾನ ಮಾಡಿ ಅಂತ ಮ್ಯಾನೇಜರು ನನ್ನನ್ನೇ ಹೊರಗೆ ಕಳಿಸಿದರು. ಹೋಗಿ ನಿಜ ಹೇಳಿದೆ, ಪುಡಿಯ ವಿಷಯ, ಕೊಳವೆಯ ವಿಷಯ. ಅದೇನು ಧೈರ್ಯವಲ್ಲ. ಎಲ್ಲರಿಗೂ ಗೊತ್ತಾದ ಮೇಲೆ ಹೇಳಿದ್ದು. ಕಂಪನಿ ತಪ್ಪು ಒಪ್ಪಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಕೆಲವು ತಿಂಗಳಿಗೆ ಆ ಪುಡಿಯನ್ನು ಬೇರೆ ಯಾವುದೋ ಊರಿಗೆ ಸಾಗಿಸಿದರು, ಅದು ಯಾವ ಊರೋ, ಅಲ್ಲಿ ಏನು ಬೆಳೆಯುತ್ತಾರೋ. ನಮಗೆ ಒಂದು ಬಸ್‌ಸ್ಟಾಪು ಕಟ್ಟಿಸಿಕೊಟ್ಟರು. ಹೊಸ ಬ್ಲಾಕಿನಲ್ಲಿ ಈಗ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮಾಡುತ್ತಾರೆ. ಕಂಪನಿ ಇನ್ನೂ ಎರಡು ಬ್ಲಾಕು ಬೆಳೆದಿದೆ. ನಾನು ಕೆಲಸ ಬಿಡಲಿಲ್ಲ.

ಆಗ ಊರಿನವರು ಒಬ್ಬೊಬ್ಬರಾಗಿ ಬಂದು ಅಕ್ಕನ ಮುಂದೆ ಕೂತರು. ದೊಡ್ಡವ್ವ ಅತ್ತಳು. "ನಿನ್ ತಪ್ಪಲ್ಲ ಕಣವ್ವ, ನನ್ ನಾಲ್ಗೆ ಸೇದೋಗ" ಅಂದಳು. ಅಕ್ಕ ಎಲ್ಲರಿಗೂ ಕಾಫಿ ಕೊಟ್ಟಳು. ಆಗಲಿ ಬುಡಿ, ಆಗಲಿ ಬುಡಿ ಅಂದಳು. ಹುಳುಮನೆಯ ಬೀಗ ತೆಗೆಯಲಿಲ್ಲ. ಸ್ವಲ್ಪ ದಿನ ಹೋದರೆ ಸರಿಹೋಗುತ್ತದೆ ಅಂದುಕೊಂಡೆ.

ನನಗೆ ಮದುವೆಯಾಗಿ, ಮಗಳು ಹುಟ್ಟಿ, ಹೆಂಡತಿ ಬಾಣಂತನ ಮುಗಿಸಿಕೊಂಡು ಮನೆಗೆ ಬಂದಳು. ಅಕ್ಕ ಹಾಲು ಕಾಯಿಸಿದಳು, ತೊಟ್ಟಿಲು ಒರೆಸಿದಳು, ನೀರಿಗೆ ಉರಿ ಹಾಕಿದಳು. ಮಗುವಿನ ಹತ್ತಿರ ಮಾತ್ರ ಬರಲಿಲ್ಲ. ನಾನೇ ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.

"ಎತ್ಕೊ ಅಕ್ಕ."

"ಬ್ಯಾಡ ಕಣಪ್ಪ. ಬೆಳೀಲಿ ಮಗ."

"ಊರೋರೆಲ್ಲ ಬಂದು ಹೇಳಿಲ್ವಾ, ಅದು ಕಂಪ್ನಿ ಪುಡಿ ಅಂತ?"

"ಊರು ಆಗ್ಲೂ ಹೇಳ್ತು, ಈಗ್ಲೂ ಹೇಳ್ತದೆ. ಊರಿನ ಮಾತು ಬುಡು. ನೀನು ಓದ್ದೋನು. ನನ್ ಕೈನ ನೀನೇ ಪರೀಕ್ಷೆ ಮಾಡ್ಸಿ ತೋರ್ಸಿದ್ಯಲ್ಲ."

ಮಗು ಕೈಚಾಚಿ ಅಕ್ಕನ ಸೆರಗು ಹಿಡಿಯಿತು. ಅಕ್ಕ ಮಗುವಿನ ಬೆರಳು ಮುಟ್ಟದೆ, ಸೆರಗನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು, ಒಲೆಯ ಆ ಕಡೆಗೆ ಸರಿದಳು.

ಮಗಳಿಗೆ ಈಗ ಹದಿನಾರು ತುಂಬಿದೆ. ಅವಳ ಇಷ್ಟದ ಒಬ್ಬಟ್ಟು ಮಾಡಿ ತಟ್ಟೆಗೆ ಹಾಕಿ ಮುಂದೆ ಇಡುವವಳು ಅಕ್ಕನೇ. ಇಷ್ಟು ವರ್ಷದಲ್ಲಿ ಒಂದು ದಿನವೂ ಅವಳ ತಲೆ ಬಾಚಿಲ್ಲ.